ಪಂಡಿತಾ ರಮಾಬಾಯಿಯವರು ನಡೆದ ದಾರಿ

ನಮ್ಮ ಕಾಲದಲ್ಲಿ ಒಂದು ಸತ್ಕಾರ್ಯವು ರೂಢಿಗೆ ಬಂದಿದೆ. ಯೌವನಸ್ಥರು ಗುಂಪುಗೂಡಿ ಬೈಸಿಕಲ್ಲುಗಳನ್ನೇರಿ, ಊರಿಂದೂರಿಗೆ ನೂರಾರು ಮೈಲಿ ತುಳಿದುಕೊಂಡು ಹೋಗಿ, ಅನಾಥ ಮಕ್ಕಳಿಗಾಗಿಯೋ ರೋಗಿಗಳಿಗಾಗಿಯೋ ಹಣವನ್ನು ಕೂಡಿಸುತ್ತಾರೆ. ಅವರಲ್ಲಿ ವಿಶ್ವಾಸಿಗಳಾದವರು ಬೆಳಿಗ್ಗೆ ಎದ್ದು ಪ್ರಾರ್ಥಿಸಿ, ಆ ಒಂದು ದಿನದ ಹಾದಿಗೆ ಸಾಕಾಗುವಷ್ಟು ಬಲವನ್ನು ದೇವರಲ್ಲಿ ಬೇಡಿಕೊಂಡು ಹೊರಡುತ್ತಾರೆ. ಚಿನ್ನದ ಗಣಿಯ ಊರಿಂದ ಬಂಗಾರಪೇಟೆಗೆ ಇರುವುದು ಹತ್ತು ಮೈಲಿಯಷ್ಟು ದಾರಿ. ಅಷ್ಟನ್ನೇ ಬೇಸಿಗೆಯ ಮಧ್ಯಾಹ್ನದಲ್ಲಿ ಬೈಸಿಕಲ್ಲಿನ ಮೇಲೆ ಬಂದವರಿಗೆ ಆ ಪ್ರಯಾಸವು ಎಂಥದೆಂದು ನಾವು ಹೇಳಬೇಕಾಗಿಲ್ಲ. ಹಣ ಕಳುಹಿಸುವುದಕ್ಕೆ ಅಂಚೆಯಿರುವಾಗ ಮೈ ದಣಿಸಿಕೊಂಡು ಹೋಗುವುದೇತಕ್ಕೆ ಎಂದು ಕೆಲವು ಹಿರಿಯರು ಕೇಳುವುದುಂಟು. ಈ ಪ್ರಶ್ನೆಗೆ ತರ್ಕದಿಂದ ಉತ್ತರ ಕೊಡುವುದಕ್ಕಿಂತ ಒಬ್ಬರ ಜೀವನಚರಿತ್ರೆಯನ್ನು ಹೇಳುವುದೇ ಲೇಸೆಂದು ನಮಗೆ ತೋರುತ್ತದೆ. ಅವರಿಗೆ ಬೈಸಿಕಲ್ಲು ಇರಲಿಲ್ಲ. ಬಾಲ್ಯದಲ್ಲಿ ಕಾಲಿಗೆ ಕೆರವೂ ಇರಲಿಲ್ಲ. ಅವರೇ ಪಂಡಿತಾ ರಮಾಬಾಯಿಯವರು.

ನಮ್ಮ ಕೋಲಾರ ಸೀಮೆಯವರಿಗೆ ಈ ಚರಿತ್ರೆಯು ದೂರದ್ದಲ್ಲ. 1876ರಿಂದ 1878ರ ವರೆಗೆ ಇದ್ದ ಧಾತು ಈಶ್ವರ ಸಂವತ್ಸರಗಳ ಬರವನ್ನು ನಮ್ಮ ಮುತ್ತಜ್ಜಿಯರು ಹೇಳುತ್ತಿದ್ದರು. ಮೈಸೂರು ಸಂಸ್ಥಾನದ ಜನಸಂಖ್ಯೆಯು 1871ರಲ್ಲಿ 50,55,412 ಇದ್ದದ್ದು 1881ರಲ್ಲಿ 41,86,188ಕ್ಕೆ ಇಳಿಯಿತೆಂಬ ಒಂದೇ ಲೆಕ್ಕವು ಆ ಬರದ ಘೋರತೆಯನ್ನು ತಿಳಿಸುವುದಕ್ಕೆ ಸಾಕು. ಆಗ ತಂದೆತಾಯಿಗಳಿಲ್ಲದೆ ಉಳಿದ ಮಕ್ಕಳನ್ನು ಮಿಸ್ ಆನ್‌ಸ್ಟಿ ಎಂಬ ಆಂಗ್ಲ ಮಹಿಳೆಯು ಕೋಲಾರದಲ್ಲಿ ಕೂಡಿಸಿ ಸಾಕಿದರು. ಆ ಕಾರ್ಯವು 1890ರಲ್ಲಿ ಮೆಥೊಡಿಸ್ಟ್ ಮಿಷನ್ನಿನ ಕೈಗೆ ಬಂದಿತು. ನಮ್ಮ ಸಭೆಗಳಲ್ಲಿ ಕೆಲವು ಮನೆತನಗಳ ಬೇರು ಆ ಅನಾಥಾಲಯದಲ್ಲಿಯೇ ಇದೆ. ಅದೇ ದಶಕದಲ್ಲಿ, ನಮ್ಮ ಜಿಲ್ಲೆಯ ಗಡಿಗೆ ಬಹುದೂರವಲ್ಲದ ತಿರುಪತಿಯ ಅಡವಿಯಲ್ಲಿ, ಹಸಿದ ಒಂದು ಕುಟುಂಬವು ಎಲೆಗಳನ್ನು ತಿಂದು ಜೀವ ಹಿಡಿದಿತ್ತು. ಆ ಕುಟುಂಬದ ಕಿರಿಯ ಮಗಳೇ ರಮಾಬಾಯಿಯವರು.

ಅವರು ಹುಟ್ಟಿದ್ದು ನಮ್ಮ ಕನ್ನಡ ನಾಡಿನಲ್ಲಿಯೇ. ಪಶ್ಚಿಮ ಘಟ್ಟದ ದಟ್ಟ ಕಾಡಿನಲ್ಲಿ, ತುಂಗಾ ಭದ್ರಾ ನದಿಗಳು ಹುಟ್ಟುವ ಗಂಗಾಮೂಲದಲ್ಲಿ, 1858ನೆಯ ಇಸವಿ ಏಪ್ರಿಲ್ 23ರಂದು ಅವರು ಜನಿಸಿದರು. ತಂದೆಯಾದ ಅನಂತಶಾಸ್ತ್ರಿ ಡೋಂಗ್ರೆಯವರು ಕಾರ್ಕಳದ ಕಡೆಯವರು, ಸಂಸ್ಕೃತದಲ್ಲಿ ಮಹಾ ವಿದ್ವಾಂಸರು. ಹೆಂಡತಿಗೆ ಸಂಸ್ಕೃತವನ್ನು ಕಲಿಸಿದ್ದೇ ಅವರ ಮೇಲಿನ ದೂರು. ಸ್ವಜನರ ವಿರೋಧವು ಹೆಚ್ಚಿದಾಗ ಅವರು ಊರನ್ನು ಬಿಟ್ಟು ಕಾಡಿನಲ್ಲಿ ಮನೆ ಮಾಡಿ ಪತ್ನಿಗೆ ಪಾಠವನ್ನು ಮುಂದುವರಿಸಿದರು. ಹಾಗೆ ಕಲಿತ ತಾಯಿ ಲಕ್ಷ್ಮೀಬಾಯಿಯವರೇ ಮುಂದೆ ಮಗಳಿಗೆ ಗುರುವಾದರು.

ಕೂಸಿಗೆ ಆರು ತಿಂಗಳಾದಾಗ ಸಂಸಾರವು ತೀರ್ಥಯಾತ್ರೆಗೆ ಹೊರಟಿತು. ಕೂಸನ್ನು ಬೆತ್ತದ ಬುಟ್ಟಿಯಲ್ಲಿ ಮಲಗಿಸಿ ಆಳಿನ ತಲೆಯ ಮೇಲೆ ಹೊರಿಸಿಕೊಂಡು ಘಟ್ಟವನ್ನು ಇಳಿದರು. ಅಂದಿನಿಂದ ಅವರಿಗೆ ನೆಲೆಯಾದ ಮನೆಯೇ ಇಲ್ಲವಾಯಿತು. ದೇವಸ್ಥಾನದ ಅಂಗಳಗಳಲ್ಲಿ ಪುರಾಣವನ್ನು ಓದುವುದು, ಜನರು ಕೊಟ್ಟ ದಕ್ಷಿಣೆಯಲ್ಲಿ ಜೀವಿಸುವುದು, ಮಿಕ್ಕದ್ದನ್ನು ದಾನ ಮಾಡುವುದು, ಮತ್ತೊಂದು ಕ್ಷೇತ್ರಕ್ಕೆ ನಡೆಯುವುದು, ಇದೇ ಅವರ ಬದುಕು. ದಾರಿಯುದ್ದಕ್ಕೂ ತಾಯಿಯು ಹೇಳಿಕೊಟ್ಟ ಸಾವಿರಾರು ಶ್ಲೋಕಗಳನ್ನು ರಮಾಬಾಯಿಯವರು ಬಾಯಿಪಾಠ ಮಾಡಿದರು.

1870ರ ದಶಕದಲ್ಲಿ ತೆಂಕಣ ಸೀಮೆಗೆ ಬರವು ಬಂದಿತು. ಕೊಡುವವರಿಗೇ ಇಲ್ಲವಾದ ಮೇಲೆ ಪುರಾಣ ಓದುವವರಿಗೆ ಏನು ಸಿಕ್ಕೀತು? ಒಡವೆಗಳೂ ಪಾತ್ರೆಗಳೂ ಮಾರಿಹೋದವು. ಮೈಮುರಿದು ದುಡಿಯುವುದು ತಮ್ಮ ಕುಲಕ್ಕೆ ಹೀನವೆಂದು ಅವರು ಎಣಿಸಿದ್ದರಿಂದ ಕೂಲಿಯೂ ಇರಲಿಲ್ಲ. ಭಿಕ್ಷೆ ಬೇಡುವುದಕ್ಕೆ ನಾಚಿಕೆ ಬಿಡಲಿಲ್ಲ. ಕೊನೆಯ ಅಕ್ಕಿಯ ಕಾಳು ಮುಗಿದ ದಿನ ತಿರುಪತಿಯ ಬಳಿಯ ಅಡವಿಯನ್ನು ಹೊಕ್ಕು, ನೀರನ್ನೂ ಎಲೆಗಳನ್ನೂ ಕಾಡು ಹಣ್ಣುಗಳನ್ನೂ ನೆಚ್ಚಿ ಹನ್ನೊಂದು ದಿನಗಳನ್ನು ಕಳೆದರು. ಕಣ್ಣು ಕಾಣದ ಮುದಿ ತಂದೆಯು ನೀರಿಗೆ ಬಿದ್ದು ಪ್ರಾಣ ಬಿಡುವುದಕ್ಕೆ ನಿಶ್ಚಯಿಸಿದಾಗ, ಅಣ್ಣನಾದ ಶ್ರೀನಿವಾಸನು ಕುಲದ ಹೆಮ್ಮೆಯನ್ನು ಬಿಟ್ಟು ಕೂಲಿ ಮಾಡುವೆನೆಂದು ಮುಂದೆ ಬಂದನು. ಆದರೂ ತಂದೆಯವರು ಕೆಲವೇ ದಿನಗಳಲ್ಲಿ ತೀರಿಕೊಂಡರು.

ಉಳಿದವರು ನಡೆಯುತ್ತಾ ರಾಯಚೂರಿಗೆ ಬಂದರು. ಅಲ್ಲಿ ತಾಯಿಯು ಜ್ವರದಿಂದ ಮಲಗಿದರು. ರಮಾಬಾಯಿಯವರು ನೆರೆಮನೆಯ ಬಾಗಿಲಲ್ಲಿ ನಿಂತರು. ಬೇಡುವ ಮಾತು ನಾಲಿಗೆಗೆ ಬರಲಿಲ್ಲ, ಕಣ್ಣೀರು ಬಂದಿತು. ಮನೆಯಾಕೆ ಕನಿಕರಿಸಿ ಸಜ್ಜೆ ರೊಟ್ಟಿಯ ತುಂಡನ್ನು ಕೊಟ್ಟರು. ತಾಯಿಯು ತೀರಿಹೋದಾಗ ಹೆಣ ಹೊರುವುದಕ್ಕೆ ನಾಲ್ವರು ಸಿಗಲಿಲ್ಲ. ಇಬ್ಬರು ಬ್ರಾಹ್ಮಣರು ದಯೆಯಿಂದ ಬಂದರು. ಅಣ್ಣನು ಮೂರನೆಯವನು, ತಂಗಿಯು ನಾಲ್ಕನೆಯವಳು. ಎತ್ತರ ಸಾಲದ್ದರಿಂದ ಆಕೆಯು ಚಟ್ಟದ ಮೂಲೆಯನ್ನು ತಲೆಯ ಮೇಲೆ ಇಟ್ಟುಕೊಂಡು ಮೂರು ಮೈಲಿ ದೂರದ ಸುಡುಗಾಡಿನ ವರೆಗೆ ನಡೆಯಬೇಕಾಯಿತು. ಆ ಬಳಿಕ ಅಕ್ಕನೂ ತೀರಿಕೊಂಡಳು.

ಅಣ್ಣ ತಂಗಿ ಇಬ್ಬರೇ ಉತ್ತರದ ಕಡೆಗೆ ನಡೆದರು. ಸಾವಿರಾರು ಮೈಲಿಗಳ ದಾರಿ. ಒಮ್ಮೆ ಝೇಲಂ ನದಿಯ ತೀರದಲ್ಲಿ ಚಳಿಯು ತಾಳಲಾರದಷ್ಟಾಗಿ, ಮರಳಿನಲ್ಲಿ ಎರಡು ಗುಂಡಿ ತೋಡಿ, ತಲೆಯೊಂದನ್ನು ಬಿಟ್ಟು ಮೈಯನ್ನೆಲ್ಲಾ ಒಣ ಮರಳಿನಲ್ಲಿ ಹೂತುಕೊಂಡು ರಾತ್ರಿಯನ್ನು ಕಳೆದರು. ಎಷ್ಟು ತೀರ್ಥಗಳಲ್ಲಿ ಮಿಂದರೂ ಎಷ್ಟು ಗುಡಿಗಳನ್ನು ಸುತ್ತಿದರೂ ಮನಸ್ಸಿಗೆ ಸಮಾಧಾನ ಸಿಕ್ಕಲಿಲ್ಲ. 1878ರಲ್ಲಿ ಅವರು ಕಲ್ಕತ್ತೆಯನ್ನು ಮುಟ್ಟಿದರು. ಅಲ್ಲಿಯ ವಿದ್ವಾಂಸರು ಈ ತರುಣಿಯ ಸಂಸ್ಕೃತ ಜ್ಞಾನವನ್ನು ಪರೀಕ್ಷಿಸಿ ಬೆರಗಾಗಿ, ಪಂಡಿತಾ ಎಂದೂ ಸರಸ್ವತಿ ಎಂದೂ ಬಿರುದುಗಳನ್ನು ಕೊಟ್ಟರು.

1880ರಲ್ಲಿ ಅಣ್ಣನೂ ಹೋದನು. ಅದೇ ವರುಷ ಬಂಗಾಳದ ವಕೀಲರಾದ ಬಿಪಿನ್ ಬಿಹಾರಿ ದಾಸರನ್ನು ಜಾತಿಯ ಕಟ್ಟನ್ನು ಮೀರಿ ಮದುವೆಯಾದರು. 1881ರಲ್ಲಿ ಮಗಳು ಮನೋರಮೆಯು ಹುಟ್ಟಿದಳು. 1882ರಲ್ಲಿ ಗಂಡನು ವಾಂತಿಭೇದಿಯಿಂದ ಮರಣ ಹೊಂದಿದನು. ಇಪ್ಪತ್ತಮೂರನೆಯ ವಯಸ್ಸಿಗೆ ಅವರು ವಿಧವೆ. ಗಂಡನ ಮನೆಯಲ್ಲಿಯೇ ಅವರ ಕೈಗೆ ಬಂಗಾಳಿ ಭಾಷೆಯ ಲೂಕನ ಸುವಾರ್ತೆಯು ಸಿಕ್ಕಿತ್ತು. ಹೆಣ್ಣುಮಕ್ಕಳ ವಿದ್ಯೆಗಾಗಿ ಪುಣೆಯಲ್ಲಿ ಆರ್ಯ ಮಹಿಳಾ ಸಮಾಜವನ್ನು ಸ್ಥಾಪಿಸಿ, 1883ರಲ್ಲಿ ಇಂಗ್ಲೆಂಡಿಗೆ ಹೋದರು. ಅಲ್ಲಿ ಕೆಟ್ಟುಹೋದವರೆಂದು ಲೋಕವು ತಳ್ಳಿದ ಸ್ತ್ರೀಯರನ್ನು ಕ್ರೈಸ್ತ ಸಹೋದರಿಯರು ಪ್ರೀತಿಯಿಂದ ಪೋಷಿಸುವುದನ್ನು ಕಂಡು, ಸಮಾರ್ಯದ ಸ್ತ್ರೀಯ ಸಂಗಡ ಬಾವಿಯ ಬಳಿ ಮಾತಾಡಿದ ಕರ್ತನ ಚರಿತ್ರೆಯನ್ನು ಕೇಳಿ, ಅವರ ಮನಸ್ಸು ಕರಗಿತು. ಅದೇ ವರುಷ ಸೆಪ್ಟೆಂಬರ್ 29ರಂದು ಮಗಳೊಡನೆ ದೀಕ್ಷಾಸ್ನಾನ ಹೊಂದಿದರು.

1886ರಲ್ಲಿ ಅಮೇರಿಕಕ್ಕೆ ಹೋಗಿ ನಮ್ಮ ದೇಶದ ಬಾಲವಿಧವೆಯರ ಕಷ್ಟವನ್ನು ಊರೂರಿನಲ್ಲಿ ವಿವರಿಸಿದರು. ಅಲ್ಲಿಯ ಜನರ ಸಹಾಯದಿಂದ 1889ರಲ್ಲಿ ಮುಂಬಯಿಯಲ್ಲಿ ಶಾರದಾ ಸದನವೆಂಬ ಶಾಲೆಯನ್ನು ತೆರೆದರು. ಮರುವರುಷ ಅದು ಪುಣೆಗೆ ಬಂದಿತು. ಅಲ್ಲಿಯ ಹುಡುಗಿಯರು ರಮಾಬಾಯಿಯವರ ಪ್ರಾರ್ಥನೆಯಲ್ಲಿ ಸೇರುತ್ತಾರೆಂಬ ಮಾತು ಹರಡಿ 1893ರಲ್ಲಿ ದೊಡ್ಡ ಗಲಭೆಯೆದ್ದಿತು. ಹಲವರು ತಮ್ಮ ಹುಡುಗಿಯರನ್ನು ಬಿಡಿಸಿಕೊಂಡು ಹೋದರು, ಹಿಂದಿನ ಮಿತ್ರರು ದೂರವಾದರು. ಉಳಿದವರನ್ನು ಇಟ್ಟುಕೊಂಡು ಅವರು ಕೆಲಸವನ್ನು ನಡಿಸಿದರು.

ಈಗ ನಾವು ಹೇಳಬೇಕೆಂದಿದ್ದ ಸಂಗತಿಗೆ ಬಂದೆವು. 1896ರಲ್ಲಿ ಮಧ್ಯಪ್ರಾಂತ್ಯಕ್ಕೆ ಭಾರಿ ಕ್ಷಾಮವು ಬಂದಿತೆಂಬ ಸುದ್ದಿಯು ಪುಣೆಯನ್ನು ಮುಟ್ಟಿತು. ಶಾರದಾ ಸದನಕ್ಕೆ ಬರುತ್ತಿದ್ದ ಹಣವು ಅಲ್ಲಿದ್ದ ಹುಡುಗಿಯರಿಗೇ ಮಿತವಾಗಿತ್ತು. ಬರದ ಸೀಮೆಯವರನ್ನು ಕರೆತಂದರೆ ಅವರಿಗೆ ಊಟವೆಲ್ಲಿಂದ, ನೆರಳೆಲ್ಲಿಂದ? ತಾನು ಒಬ್ಬ ಅಬಲೆ, ಈ ಸಮುದ್ರದಲ್ಲಿ ಏನು ಮಾಡಬಲ್ಲೆನೆಂದು ಅವರು ಸುಮ್ಮನಿರುವುದಕ್ಕೆ ಪ್ರಯತ್ನಪಟ್ಟರು. ಸುಮ್ಮನಿರಲಾಗಲಿಲ್ಲ. ಇಪ್ಪತ್ತು ವರುಷಗಳ ಹಿಂದಿನ ತಿರುಪತಿಯ ಅಡವಿಯೂ ರಾಯಚೂರಿನ ಬಾಗಿಲೂ ಕಣ್ಣ ಮುಂದೆ ನಿಂತವು. ಹಣವನ್ನು ಕಂಡು ಹೊರಡುವುದಲ್ಲ, ಹೊರಟ ಮೇಲೆ ಕರ್ತನು ದಿನದಿನಕ್ಕೆ ಬೇಕಾದದ್ದನ್ನು ಕೊಡುವನೆಂದು ನಂಬಿ, ಅವರು ಬರದ ಸೀಮೆಗೆ ಪ್ರಯಾಣ ಮಾಡಿದರು.

ಗಂಜಿಕೇಂದ್ರಗಳಲ್ಲಿ ಅವರು ಕಂಡದ್ದು ಹಸಿವೆಯೊಂದನ್ನೇ ಅಲ್ಲ. ದಿಕ್ಕಿಲ್ಲದ ಹುಡುಗಿಯರನ್ನು ಹಿಡಿ ಧಾನ್ಯಕ್ಕೂ ಕೆಲವು ಆಣೆಗಳಿಗೂ ಕೊಂಡು ದುರ್ಮಾರ್ಗಕ್ಕೆ ಸೆಳೆಯುವ ದುಷ್ಟರನ್ನೂ ಕಂಡರು. ಪುಣೆಯಲ್ಲಿ ಕುಳಿತು ಹಣ ಕಳುಹಿಸಿದ್ದರೆ ಗಂಜಿಯು ಸಿಕ್ಕೀತು. ಈ ಹುಡುಗಿಯರಿಗೆ ರಕ್ಷಣೆಯು ಸಿಕ್ಕುತ್ತಿರಲಿಲ್ಲ. ಅವರನ್ನು ಕಾಪಾಡುವುದಕ್ಕೆ ಒಬ್ಬರು ತಾವೇ ಬಂದು ಕೈಹಿಡಿಯಬೇಕಾಗಿತ್ತು. ವಾಚಕರೇ, ಮೊದಲು ಹೇಳಿದ ಹಿರಿಯರ ಪ್ರಶ್ನೆಗೆ ಉತ್ತರವು ಇಲ್ಲಿಯೇ ಇದೆ. ಯೆರಿಕೋವಿನ ದಾರಿಯಲ್ಲಿ ಬಿದ್ದವನಿಗೆ ಉಪಕಾರವಾದದ್ದು, ಆ ದಾರಿಯಲ್ಲಿ ಬಂದು, ಅವನನ್ನು ಕಂಡು, ಇಳಿದವನಿಂದಲೇ ಅಲ್ಲವೇ?

ಗುಂಪುಗುಂಪಾಗಿ ಹುಡುಗಿಯರು ಬಂದರು. ಚಿಂದಿ ಬಟ್ಟೆ, ತಲೆಯಲ್ಲಿಯೂ ಬಾಯಲ್ಲಿಯೂ ಹುಣ್ಣು. ಪುಣೆಯಲ್ಲಿ ಅವರನ್ನಿಡುವುದಕ್ಕೆ ಪ್ಲೇಗಿನ ಕಟ್ಟಳೆಗಳು ಅಡ್ಡಬಂದವು. ಆಗ, ಪುಣೆಗೆ ಪೂರ್ವದಲ್ಲಿರುವ ಕೆಡಗಾಂವಿನಲ್ಲಿ ಮೊದಲೇ ಕೊಂಡಿದ್ದ ಹೊಲಕ್ಕೆ ಎಲ್ಲರನ್ನೂ ಸಾಗಿಸಿ, ಗುಡಿಸಲುಗಳನ್ನು ಹಾಕಿಸಿ, ಬಾವಿಗಳನ್ನು ತೋಡಿಸಿದರು. ಅದೇ ಮುಕ್ತಿ ಎಂಬ ಹೆಸರಿನ ಆಶ್ರಯವಾಯಿತು. ಮೊದಲ ಕ್ಷಾಮದಲ್ಲಿ ಬಂದವರು ಸುಮಾರು 300 ಮಂದಿ. 1900ರಲ್ಲಿ ಗುಜರಾತಿಗೆ ಬರವು ಬಂದಾಗ ತಮ್ಮ ಸಹಾಯಕಿಯರನ್ನು ಅಲ್ಲಿಗೆ ಕಳುಹಿಸಿದರು; ಮುಕ್ತಿಯ ಜನವು ಸುಮಾರು 2,000ಕ್ಕೆ ಏರಿತು.

ಆ ಹುಡುಗಿಯರನ್ನು ಅವರು ಸೋಮಾರಿಗಳಾಗಿ ಬೆಳೆಸಲಿಲ್ಲ. ಕೈಕೆಲಸವನ್ನು ಹೀನವೆಂದೆಣಿಸಿ ಹಸಿದ ಮನೆಯಲ್ಲಿ ಬೆಳೆದವರು ಇಲ್ಲಿ ಓದುಬರಹದೊಡನೆ ನೇಯ್ಗೆ, ಬೇಸಾಯ, ಹೈನು, ಅಡಿಗೆ, ಅಚ್ಚುಕೂಟದ ಕೆಲಸ ಎಲ್ಲವನ್ನೂ ಕಲಿಸಿದರು. ಕುರುಡ ಹುಡುಗಿಯರಿಗೆ ಮನೋರಮೆಯವರು ಬ್ರೈಲ್ ಅಕ್ಷರಗಳನ್ನು ಕಲಿಸಿದರು. 1913ರ ಸುಮಾರಿಗೆ ಗುಲ್ಬರ್ಗದಲ್ಲಿಯೂ ಹೆಣ್ಣುಮಕ್ಕಳಿಗೊಂದು ಶಾಲೆಯಾಯಿತು. ಕೆಡಗಾಂವ್, ಗುಲ್ಬರ್ಗ, ರಾಯಚೂರು, ಈ ಮೂರೂ ಒಂದೇ ರೈಲುದಾರಿಯ ಮೇಲೆ ಇವೆ. ತಾಯಿಯ ಹೆಣವನ್ನು ಹೊತ್ತು ನಡೆದ ಸೀಮೆಯ ಕಡೆಗೇ ಮಗಳು ವಿದ್ಯೆಯನ್ನು ಹಿಡಿದು ಬಂದದ್ದನ್ನು ನಾವು ದೇವರ ನಡಿಸುವಿಕೆಯೆಂದೇ ತಿಳಿಯುತ್ತೇವೆ.

ಕೊನೆಯ ವರುಷಗಳಲ್ಲಿ ರಮಾಬಾಯಿಯವರು ಇಬ್ರಿಯ ಮತ್ತು ಗ್ರೀಕ್ ಭಾಷೆಗಳನ್ನು ಕಲಿತು, ಹಳ್ಳಿಯ ಸ್ತ್ರೀಯರಿಗೂ ತಿಳಿಯುವಂತೆ ಇಡೀ ಸತ್ಯವೇದವನ್ನು ಸರಳ ಮರಾಠಿಗೆ ತಿರುಗಿಸಿದರು. ಮುಕ್ತಿಯ ಹುಡುಗಿಯರೇ ಅದನ್ನು ಅಚ್ಚುಹಾಕಿದರು. ಕಿವಿಯು ಮಂದವಾಗಿತ್ತು, ದೇಹವು ಕುಂದಿತ್ತು. 1921ರ ಜುಲೈಯಲ್ಲಿ ಒಬ್ಬಳೇ ಮಗಳೂ ಅವರಿಗಿಂತ ಮುಂಚೆ ತೀರಿಕೊಂಡಳು. ಅನುವಾದವು ಮುಗಿದ ಮೇಲೆ, 1922ನೆಯ ಇಸವಿ ಏಪ್ರಿಲ್ 5ರಂದು, ರಮಾಬಾಯಿಯವರು ನಿದ್ರೆ ಹೋದರು. ಮುಕ್ತಿಯ ಕಾರ್ಯವು ಅವರೊಂದಿಗೆ ಮುಗಿಯಲಿಲ್ಲ. ಅದು ಇಂದಿಗೂ ನಡೆಯುತ್ತಿದೆ.

ನಮ್ಮ ಸಭೆಗಳವರು ಈ ಚರಿತ್ರೆಯಿಂದ ಏನನ್ನು ಕಲಿಯಬೇಕು? ಗಣಿಯು 2001ರಲ್ಲಿ ಮುಚ್ಚಿದಂದಿನಿಂದ ನಮ್ಮಲ್ಲಿ ಅನೇಕರ ಮನೆಗಳಿಗೆ ಬಡತನವು ಬಂದಿದೆ. ನಾವೇ ಕಷ್ಟದಲ್ಲಿರುವಾಗ ಪರರಿಗೆ ಏನು ಮಾಡಬಲ್ಲೆವೆಂದು ಹೇಳುವವರಿದ್ದಾರೆ. ರಮಾಬಾಯಿಯವರೂ ಮೊದಲು ಹಾಗೆಯೇ ಹೇಳಿಕೊಂಡರು. ಆದರೆ ತಾವು ಹಸಿದದ್ದನ್ನು ಅವರು ನೆವವಾಗಿ ಇಟ್ಟುಕೊಳ್ಳಲಿಲ್ಲ, ದಾರಿಗುರುತಾಗಿ ಇಟ್ಟುಕೊಂಡರು. ಯಾವ ದುಃಖವನ್ನು ನಾವು ಉಂಡಿದ್ದೇವೋ ಆ ದುಃಖವಿರುವ ಮನೆಯ ಬಾಗಿಲು ನಮಗೆ ಬೇರೆಯವರಿಗಿಂತ ಚೆನ್ನಾಗಿ ಗೊತ್ತು. ಬೈಸಿಕಲ್ಲು ತುಳಿಯಬಲ್ಲ ಯೌವನಸ್ಥನು ನೂರು ಮೈಲಿ ಹೋಗಲಿ. ಮಂಡಿ ನೋಯುವ ಅಜ್ಜಿಯು ಪಕ್ಕದ ಬೀದಿಯ ರೋಗಿಯ ಮನೆಗೆ ಹೋಗಲಿ. ಇಡೀ ಪ್ರಯಾಣಕ್ಕೆ ಬೇಕಾದದ್ದು ಕೈಯಲ್ಲಿಲ್ಲವೆಂದು ಯಾರೂ ಹಿಂದೆಗೆಯಬಾರದು. ಇಂದಿನ ದಾರಿಗೆ ಇರುವಷ್ಟನ್ನು ತೆಗೆದುಕೊಂಡು ಹೊರಡೋಣ. ನಾಳೆಯ ದಾರಿಯನ್ನು ಅದನ್ನು ಬಲ್ಲಾತನಿಗೆ ಒಪ್ಪಿಸೋಣ.