ಬಂಗಾರದ ನೆಲವನ್ನು ಅಳೆದ ಸೈನಿಕ: ಜಾನ್ ವಾರನ್

ನಮ್ಮ ದೇವಾಲಯದ ಶತಮಾನೋತ್ಸವದ ಈ ಸ್ಮರಣ ಸಂಚಿಕೆಯಲ್ಲಿ, ಇದರ ಹೊಸ್ತಿಲನ್ನು ಎಂದೂ ತುಳಿಯದ ಒಬ್ಬ ಮಹನೀಯರ ಜೀವನವನ್ನು ನಾವು ಸ್ಮರಿಸಲು ಹೊರಟಿರುವುದು ಕೆಲವು ವಾಚಕರಿಗೆ ಸೋಜಿಗವೆನಿಸಬಹುದು. ಆದರೆ ಆರ್ಕಾಟು, ಸೇಲಂ, ಚಿತ್ತೂರುಗಳ ಕಡೆಯಿಂದ ನಮ್ಮ ಹಿರಿಯರು ಗಂಟುಮೂಟೆ ಹೊತ್ತು ಈ ಬಯಲಿಗೆ ಬಂದುದರ ಹಿಂದೆ ಒಂದು ವರದಿ ಇತ್ತು. ಅದನ್ನು ಬರೆದವರು ಲೆಫ್ಟಿನೆಂಟ್ ಜಾನ್ ವಾರನ್. ಲವೆಲ್, ಟೇಲರ್ ಇವರ ಹೆಸರುಗಳು ನಮ್ಮ ಮಕ್ಕಳಿಗೂ ಗೊತ್ತು. ವಾರನ್ನರನ್ನು ಮಾತ್ರ ನಾವು ಬಹುಮಟ್ಟಿಗೆ ಮರೆತಿದ್ದೇವೆ.

ಅವರು ಹುಟ್ಟಿದ್ದು 1769ರಲ್ಲಿ, ಇಟಲಿಯ ಲಿವೋರ್ನೋ ಪಟ್ಟಣದಲ್ಲಿ. ವಂಶ ಐರ್ಲೆಂಡಿನ ಮೂಲದ್ದು. ಮನೆತನ ಫ್ರಾನ್ಸಿನ ಕುಲೀನರದು. ಜಾನ್ ಬಾಪ್ತಿಸ್ತ್ ಫ್ರಾಂಸ್ವಾ ಜೋಸೆಫ್ ದ ವಾರನ್ ಎಂಬುದು ಅವರ ಪೂರ್ಣ ನಾಮಧೇಯ. ಹುಟ್ಟಿನಿಂದ ಫ್ರೆಂಚರಾದ ಇವರು ಸೇರಿದ್ದು ಆಂಗ್ಲರ 33ನೆಯ ಪದಾತಿ ದಳವನ್ನು. ಮುಂದೆ ವೆಲಿಂಗ್ಟನ್ ಡ್ಯೂಕರೆಂದು ಲೋಕಪ್ರಸಿದ್ಧರಾದ ಆರ್ಥರ್ ವೆಲ್ಲೆಸ್ಲಿಯವರೇ ಅದರ ನಾಯಕರು. 1799ರಲ್ಲಿ ಟಿಪ್ಪುವಿನ ಮೇಲೆ ನಡೆದ ಯುದ್ಧದಲ್ಲಿ ಆ ದಳವೂ ಇತ್ತು.

ಯುದ್ಧ ಮುಗಿದು, ಗೆದ್ದ ನೆಲವನ್ನು ಅಳೆಯಬೇಕಾಗಿ ಬಂತು. ಕಾಲಿನ್ ಮೆಕೆಂಜಿಯವರ ಕೈಕೆಳಗೆ ಮೈಸೂರು ರಾಜ್ಯದ ಮೋಜಣಿಗೆ ನೇಮಕಗೊಂಡವರಲ್ಲಿ ವಾರನ್ ಒಬ್ಬರು. 1802ರಲ್ಲಿ ಪೂರ್ವದ ಗಡಿಯನ್ನು ಗುರುತಿಸುತ್ತಾ ಅವರು ನಮ್ಮ ಸೀಮೆಗೆ ಬಂದರು. ಆಗ ಬಂಗಾರಪೇಟೆ ಎಂಬ ಊರಿರಲಿಲ್ಲ. 1864ರಲ್ಲಿ ಬೆಂಗಳೂರಿಗೆ ರೈಲು ಬಂದ ಮೇಲೆ ಬೌರಿಂಗ್‌ಪೇಟೆ ಎಂಬ ಹೆಸರಿನಿಂದ ಬೆಳೆದದ್ದು ಅದು. ಹೈದರಾಲಿ ಹುಟ್ಟಿದ ಬೂದಿಕೋಟೆ ಇತ್ತು, ಊರಿಗಾಂ ಇತ್ತು, ಮಾರಿಕುಪ್ಪಂ ಇತ್ತು. ಯರ‍್ರಕೊಂಡ ಗುಡ್ಡದ ಆಸುಪಾಸಿನಲ್ಲಿ ಚಿನ್ನ ದೊರೆಯುತ್ತದೆಂಬ ಮಾತು ವಾರನ್ನರ ಕಿವಿಗೆ ಬಿತ್ತು. ಚಿನ್ನವನ್ನು ತೋರಿಸಿಕೊಟ್ಟವರಿಗೆ ಇನಾಮು ಕೊಡುವುದಾಗಿ ಅವರು ಸಾರಿದರು. ಊರಿಗಾಮಿನ ಜನ ಎತ್ತಿನ ಗಾಡಿಗಳಲ್ಲಿ ಮಣ್ಣು ಹೇರಿಕೊಂಡು ಬಂದು, ಅವರ ಕಣ್ಣೆದುರಿಗೇ ತೊಳೆದು, ತಳದಲ್ಲಿ ಉಳಿದ ಹಳದಿಯ ಪುಡಿಯನ್ನು ತೋರಿಸಿದರು. ವಾರನ್ ಲೆಕ್ಕ ಹಾಕಿದರು: ಸುಮಾರು 56 ಕಿಲೋ ಮಣ್ಣಿಗೆ ಒಂದು ಗ್ರೈನ್ ಚಿನ್ನ. ನಮ್ಮ ಅಕ್ಕಸಾಲಿಗರ ಲೆಕ್ಕದಲ್ಲಿ ಹೇಳುವುದಾದರೆ, ಅರ್ಧ ಗುಲಗಂಜಿಯಷ್ಟು.

ಅಷ್ಟಕ್ಕೇ ತೃಪ್ತರಾಗದೆ ಅವರು ಮಾರಿಕುಪ್ಪಂಗೂ ಹೋದರು. ಅಲ್ಲಿ ಊರ ಹೊರಗಣ ಕೇರಿಯ ಬಡಜನ ಸುಮಾರು 30 ಅಡಿ, 45 ಅಡಿ ಆಳದ ಗುಂಡಿಗಳಿಗೆ ಇಳಿದು ಕಲ್ಲು ಕಡಿಯುತ್ತಿದ್ದರು. ಬುಟ್ಟಿಗಳು ಕೈಯಿಂದ ಕೈಗೆ ಸಾಗಿ ಮೇಲೆ ಬರುತ್ತಿದ್ದವು. ಹೆಂಗಸರು ಆ ಕಲ್ಲನ್ನು ಬಂಡೆಯ ಮೇಲೆ ಕುಟ್ಟಿ ಪುಡಿಮಾಡಿ ತೊಳೆಯುತ್ತಿದ್ದರು. ಈ ಕೆಲಸವನ್ನು ವಾರನ್ ತಮ್ಮ ವರದಿಯಲ್ಲಿ ವಿವರವಾಗಿ ದಾಖಲಿಸಿದರು. ಅವರನ್ನು ಚಿನ್ನ ಕಂಡುಹಿಡಿದವರೆನ್ನುವುದು ನಮಗೆ ಅಷ್ಟಾಗಿ ಒಪ್ಪಿಗೆಯಿಲ್ಲ. ಕಂಡುಹಿಡಿದವರು ಆ ಗುಂಡಿಯೊಳಗಿದ್ದರು. ಅವರ ಹೆಸರುಗಳು ಉಳಿದಿಲ್ಲ. ವಾರನ್ನರು ನಂಬಿಗೆಯ ಸಾಕ್ಷಿಯಾಗಿದ್ದರು, ಅದು ಸಣ್ಣ ಮಾತಲ್ಲ.

ಆ ಸಾಕ್ಷ್ಯ ಬಹುಕಾಲ ಕಾಗದದಲ್ಲೇ ಉಳಿಯಿತು. 1871ರಲ್ಲಿ ಬೆಂಗಳೂರಿಗೆ ಬಂದು ನೆಲೆಸಿದ್ದ ಇನ್ನೊಬ್ಬ ನಿವೃತ್ತ ಸೈನಿಕ, ಐರ್ಲೆಂಡಿನ ಮೈಕೇಲ್ ಲವೆಲ್, ಅದನ್ನು ಓದಿ ಎತ್ತಿನ ಗಾಡಿ ಕಟ್ಟಿಸಿಕೊಂಡು ಕೋಲಾರಕ್ಕೆ ಹೊರಟರು. 1880ರಲ್ಲಿ ಟೇಲರ್ ಕಂಪನಿ ಬಂತು. ಮುಂದಿನದನ್ನು, 2001ರ ಫೆಬ್ರವರಿ 28ರಂದು ಗಣಿ ಮುಚ್ಚಿದ ದಿನದವರೆಗೂ, ನಮ್ಮ ವಿಚಾರಣೆಯ ಮನೆಮನೆಯೂ ಬಲ್ಲದು. ಇಂದು ಮುಂಜಾನೆಯ ರೈಲಿನಲ್ಲಿ ಬಂಗಾರಪೇಟೆಯ ಮೇಲೆ ಬೆಂಗಳೂರಿಗೆ ದುಡಿಯಲು ಹೋಗುವ ನಮ್ಮ ಯುವಕರು ಹತ್ತುವುದು ಆ ಮಾರಿಕುಪ್ಪಂ ನಿಲ್ದಾಣದಲ್ಲೇ.

ವಾರನ್ನರಿಗೆ ಈ ಚಿನ್ನದಿಂದ ಭಾಗ್ಯವೇನೂ ಬರಲಿಲ್ಲ. ಅವರು ಲ್ಯಾಂಬ್ಟನ್ನರ ಮಹಾ ಮೋಜಣಿಯಲ್ಲಿ ದುಡಿದರು. 1804ರಲ್ಲಿ ಬೆಂಗಳೂರಿನ ಆಧಾರರೇಖೆಯನ್ನು ಅಳೆದರು. 1805ರಿಂದ 1811ರವರೆಗೆ ಮದರಾಸಿನ ಖಗೋಳ ವೀಕ್ಷಣಾಲಯದ ಹೊಣೆ ಹೊತ್ತು, 1807ರ ದೊಡ್ಡ ಧೂಮಕೇತುವನ್ನು ವೀಕ್ಷಿಸಿದರು.

ಪಾಂಡಿಚೇರಿಯ ಫ್ರೆಂಚ್ ಕುಟುಂಬದ ಕನ್ಯೆಯೊಬ್ಬರನ್ನು ಅವರು ವರಿಸಿದ್ದರು. ವೀಕ್ಷಣಾಲಯವನ್ನು ಬಿಟ್ಟ 1811ರಲ್ಲೇ ಮದರಾಸಿನಲ್ಲಿ ಮಗ ಎದುವಾರ್ ಜನಿಸಿದನು. ನೆಪೋಲಿಯನ್ ಉರುಳಿ ಫ್ರಾನ್ಸಿಗೆ ಅರಸು ಮರಳಿದಾಗ, ಮನೆತನದ ಕೌಂಟ್ ಪದವಿಯನ್ನು ಪಡೆಯಲು ವಾರನ್ ಅಲ್ಲಿಗೆ ಹೋದರು. ಪದವಿ ದೊರೆಯಿತು. ಆದರೆ ಅಲ್ಲಿಯೇ ಉಳಿಯದೆ ಪಾಂಡಿಚೇರಿಗೆ ಹಿಂದಿರುಗಿದರು. ಖಡ್ಗ ಹಿಡಿದಿದ್ದ ಕೈ ಅಲ್ಲಿ ಪಂಚಾಂಗವನ್ನು ಹಿಡಿಯಿತೆಂದರೆ ವಾಚಕರು ನಗಬಾರದು. ತಮಿಳು ಜೋಯಿಸರೊಬ್ಬರು ಬರಹದ ನೆರವಿಲ್ಲದೆ, ನೆಲದ ಮೇಲೆ ಕವಡೆಗಳನ್ನಿಟ್ಟು, ಬಾಯಿಪಾಠದ ಸೂತ್ರಗಳಿಂದಲೇ ಚಂದ್ರಗ್ರಹಣದ ವೇಳೆಯನ್ನು ಎಣಿಸುವುದನ್ನು ಶಿಷ್ಯನಂತೆ ಕುಳಿತು ಕಂಡರು. ದಕ್ಷಿಣದ ಜನರ ಕಾಲಗಣನೆಯ ಕ್ರಮಗಳನ್ನೆಲ್ಲ ಕಲೆಹಾಕಿ, 1825ರಲ್ಲಿ ಮದರಾಸಿನಲ್ಲಿ ಕಾಲಸಂಕಲಿತ ಎಂಬ ಬೃಹದ್‌ಗ್ರಂಥವನ್ನು ಪ್ರಕಟಿಸಿದರು. ಮಾರಿಕುಪ್ಪಂನ ಗುಂಡಿಯ ಬಳಿ ಬಗ್ಗಿ ನೋಡಿದ ಅದೇ ಕಣ್ಣು ಇಲ್ಲಿಯೂ ಕಾಣುತ್ತದೆ.

1830ರ ಫೆಬ್ರವರಿ 9ರಂದು ಅವರು ಪಾಂಡಿಚೇರಿಯಲ್ಲಿ ಕಣ್ಮುಚ್ಚಿದರು. ಮಗ ತಂದೆಯ ದಾರಿಯನ್ನೇ ಹಿಡಿದನು. ಆಂಗ್ಲರ 55ನೆಯ ದಳದ ಅಧಿಕಾರಿಯಾಗಿ 1834ರಲ್ಲಿ ಕೊಡಗಿನ ಯುದ್ಧಕ್ಕೆ ನಡೆದು, ಭಾರತದಲ್ಲಿ ತಾನು ಕಂಡದ್ದನ್ನು ಮುಂದೆ ಫ್ರೆಂಚ್ ಭಾಷೆಯಲ್ಲಿ ಬರೆದನು.