ಇಂಟರ್‌ನೆಟ್‌ನ ಲೆಕ್ಕ ಇಟ್ಟವರು

ಕೆಲಸಕ್ಕಾಗಿ ರೆಸ್ಯೂಮ್ ಅನ್ನು ಇಮೇಲ್ ಮಾಡುವಾಗೆಲ್ಲ ನಾವು ಜಾನ್ ಪೋಸ್ಟೆಲ್ ಅವರ ಋಣದಲ್ಲಿರುತ್ತೇವೆ. 1943ರಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಹುಟ್ಟಿದ ಅವರು ಯುಸಿಎಲ್ಎ ವಿದ್ಯಾರ್ಥಿ. ಅವರು ಅಲ್ಲಿದ್ದಾಗಲೇ, 1969ರಲ್ಲಿ, ಅರ್ಪಾನೆಟ್‌ನ ಮೊದಲ ಸಂದೇಶ ಅಲ್ಲಿಂದ ಹೊರಟಿತು. ಜಾಲದ ನಿಯಮಗಳನ್ನು ದಾಖಲಿಸುವ ಆರ್‌ಎಫ್‌ಸಿ ಕಡತಗಳ ಸಂಪಾದಕರಾದ ಅವರು ಕೊನೆಯುಸಿರಿನವರೆಗೂ ಆ ಹೊಣೆ ಬಿಡಲಿಲ್ಲ. 1981ರಲ್ಲಿ ಟಿಸಿಪಿ ಮತ್ತು ಐಪಿ ಕಡತಗಳನ್ನು ಸಂಪಾದಿಸಿದರು. ಮರುವರ್ಷ ಇಮೇಲ್ ಸಾಗಿಸುವ ಎಸ್‌ಎಂಟಿಪಿ ನಿಯಮ ಬರೆದರು. ಯಾವ ಸಂಖ್ಯೆ ಯಾವುದಕ್ಕೆ ಎಂಬ ಲೆಕ್ಕವೂ ಅವರದೇ.

ನಿಯಮ ಬರೆದು ಸುಮ್ಮನಾಗಲಿಲ್ಲ. ಲಾಸ್ ಏಂಜಲೀಸ್ ಸುತ್ತಲಿನ ವಿಶ್ವವಿದ್ಯಾಲಯ, ಸಂಶೋಧನಾ ಸಂಸ್ಥೆಗಳನ್ನು ಬೆಸೆದ 'ಲಾಸ್ ನೆಟ್ಟೋಸ್' ಎಂಬ ಪ್ರಾದೇಶಿಕ ಜಾಲವನ್ನೂ ನಡೆಸಿದರು. ಇಂಥ ಸ್ಥಳೀಯ ಜಾಲಗಳು ದೇಶದ ಬೆನ್ನೆಲುಬು ಜಾಲಕ್ಕೆ ಕೂಡಿಕೊಂಡೇ ಇಂಟರ್‌ನೆಟ್ ಬೆಳೆಯಿತು.

1998ರ ಅಕ್ಟೋಬರ್ 16ರಂದು, ಹೃದಯ ಶಸ್ತ್ರಚಿಕಿತ್ಸೆಯ ಬಳಿಕ, 55ನೇ ವಯಸ್ಸಿನಲ್ಲಿ ತೀರಿಕೊಂಡರು. ನಮ್ಮ ನ್ಯಾಷನಲ್ ನಾಲೆಡ್ಜ್ ನೆಟ್‌ವರ್ಕ್‌ನಲ್ಲಿ ಈಗ ಗಿಗಾಬಿಟ್ ವೇಗದಲ್ಲಿ ದತ್ತಾಂಶ ಹರಿಯುತ್ತದೆ. ನಾಳೆ ವೇಗ ಇನ್ನೂ ಹೆಚ್ಚಲಿದೆ. ಆದರೂ ತಳಪಾಯ ಅದೇ ಐಪಿ.

ಲ್ಯಾಬ್ ರೆಕಾರ್ಡ್ ಬರೆಯಲು ಬೇಸರಪಡುತ್ತಿದ್ದ ನನಗೆ ಅವರ ಬದುಕು ನಾಚಿಕೆ ತರಿಸಿತು. ಹೊಸದನ್ನು ಕಂಡುಹಿಡಿಯುವವರಷ್ಟೇ ಅಲ್ಲ, ಅದನ್ನು ಎಲ್ಲರಿಗೂ ಅರ್ಥವಾಗುವಂತೆ ಬರೆದಿಟ್ಟು ಕಾಯುವವರೂ ಎಂಜಿನಿಯರ್‌ಗಳೇ.