ಗಿಟಾರ್ ನುಡಿಸಲು ಬಾರದ ಲಿಯೋ ಫೆಂಡರ್

ಲಿಯೋ ಫೆಂಡರ್ 1909ರಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಹುಟ್ಟಿದರು. ಎಂಟನೇ ವಯಸ್ಸಿನಲ್ಲಿ ಒಂದು ಕಣ್ಣು ಕಳೆದುಕೊಂಡರು. ನಮ್ಮ ಹಾಗೆ ಅಕೌಂಟೆನ್ಸಿ ಓದಿ ಕೆಲಸಕ್ಕೆ ಸೇರಿದರು. ಆರ್ಥಿಕ ಕುಸಿತದಲ್ಲಿ ಆ ಕೆಲಸವೂ ಹೋಯಿತು. 1938ರಲ್ಲಿ ಸಾಲ ಮಾಡಿ ರೇಡಿಯೋ ರಿಪೇರಿ ಅಂಗಡಿ ತೆರೆದರು. ಅಲ್ಲಿಗೆ ಬರುತ್ತಿದ್ದ ಸಂಗೀತಗಾರರ ಕಷ್ಟ ಕೇಳುತ್ತಲೇ ಎಲೆಕ್ಟ್ರಿಕ್ ಗಿಟಾರ್ ತಯಾರಿಸಿದರು. ಅದನ್ನು ನುಡಿಸಲು ಮಾತ್ರ ಅವರಿಗೆ ಬರುತ್ತಿರಲಿಲ್ಲ.

ಆಯಸ್ಕಾಂತಕ್ಕೆ ತಾಮ್ರದ ತಂತಿ ಸುತ್ತಿದರೆ ಪಿಕಪ್. ಗಿಟಾರ್ ತಂತಿಯ ಕಂಪನವನ್ನು ಅದು ವಿದ್ಯುತ್ ಸಂಕೇತವಾಗಿಸುತ್ತದೆ. 1954ರ ಸ್ಟ್ರಾಟೋಕಾಸ್ಟರ್‌ಗೆ ಮೂರು ಪಿಕಪ್; ಒಂದನ್ನು ಆರಿಸಲು ಮೂರು ಸ್ಥಾನಗಳ ಸ್ವಿಚ್. ವಾದಕರು ಸ್ವಿಚ್ಚನ್ನು ಎರಡು ಸ್ಥಾನಗಳ ನಡುವೆ ನಿಲ್ಲಿಸಿದರು. ಎರಡು ಪಿಕಪ್ ಕೂಡಿ ಹೊಸ ಧ್ವನಿ ಬಂತು! 1977ರಲ್ಲಿ ಐದು ಸ್ಥಾನಗಳ ಸ್ವಿಚ್ಚೇ ಬಂತು. ಕಂಪನಿಯನ್ನು ಫೆಂಡರ್ 1965ರಲ್ಲೇ ಮಾರಿದ್ದರು.

1991ರಲ್ಲಿ ತೀರಿಕೊಂಡರು. ಕೆಲಸ ಹೋದ ದಿನ ಅವರು ಕೈಕಟ್ಟಿ ಕೂತಿದ್ದರೆ ಆ ಧ್ವನಿ ನಮಗೆ ಸಿಗುತ್ತಿರಲಿಲ್ಲ.